ಬೇಲಿ ಕಾಯುವವರು ಯಾರು?

ದೊಡ್ಡ ಸಮ್ಮೇಳನಗಳ ಫೋಟೊಗಳನ್ನು ನೋಡಿರ್ತೀರಿ. ವೇದಿಕೆಯ ಹಿಂದೆ ಒಂದು ಬ್ಯಾನರ್, ಅದರ ಕೆಳಗೆ ಸಾಲಾಗಿ ಲೋಗೊಗಳು. ನಮ್ಮೂರ ಗಣೇಶೋತ್ಸವದ ಆಮಂತ್ರಣ ಪತ್ರಿಕೆಯಲ್ಲಿ ‘ಸಹಕಾರ’ ಅಂತ ಹೆಸರು ಹಾಕ್ತಾರಲ್ಲ, ಹಾಗೇ. ಸಾಮಾನ್ಯವಾಗಿ ಅದನ್ನು ಯಾರೂ ಓದೋದಿಲ್ಲ. ಆದರೆ ಸಮ್ಮೇಳನ ಕ್ರೀಡೆಯಲ್ಲಿ ಪ್ರಾಮಾಣಿಕತೆಯ ಬಗ್ಗೆ ನಡೆಯುತ್ತಿದ್ದರೆ ಆ ಸಾಲನ್ನು ಓದಲೇಬೇಕು. ಮೋಸ ಹಿಡಿಯುವ ಕೆಲಸಕ್ಕೆ ದುಡ್ಡು ಕೊಡುವವರು ಯಾರು ಅನ್ನೋದು ಸಣ್ಣ ಪ್ರಶ್ನೆಯಲ್ಲ.

1998ರಲ್ಲಿ ಟೂರ್ ಡಿ ಫ್ರಾನ್ಸ್ ಸೈಕಲ್ ರೇಸ್‌ಗೆ ಹೊರಟಿದ್ದ ಒಂದು ತಂಡದ ಕಾರಿನಲ್ಲಿ ನಿಷೇಧಿತ ಮದ್ದುಗಳ ರಾಶಿಯೇ ಸಿಕ್ಕಿತು. ಹಿಡಿದವರು ಕ್ರೀಡಾ ಸಂಸ್ಥೆಯವರಲ್ಲ, ಗಡಿಯಲ್ಲಿದ್ದ ಕಸ್ಟಮ್ಸ್ ಸಿಬ್ಬಂದಿ! ಅದೇ ವರ್ಷದ ಕೊನೆಗೆ, ಸಾಲ್ಟ್ ಲೇಕ್ ಸಿಟಿಗೆ ಒಲಿಂಪಿಕ್ಸ್ ಕೊಡಿಸಲು ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿಯ ಸದಸ್ಯರಿಗೆ ಉಡುಗೊರೆ, ಹಣ ಸಂದಾಯವಾದ ಹಗರಣ ಹೊರಬಿತ್ತು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು.

ಹೀಗಾಗಿ 1999ರ ಫೆಬ್ರವರಿಯಲ್ಲಿ ಸ್ವಿಟ್ಜರ್ಲೆಂಡಿನ ಲೂಸಾನ್‌ನಲ್ಲಿ ಮೊದಲ ವಿಶ್ವ ಸಮ್ಮೇಳನ ಸೇರಿದಾಗ, ಕಾವಲು ಕೆಲಸವನ್ನು ಒಲಿಂಪಿಕ್ ಸಮಿತಿಯ ಕೈಗೇ ಬಿಡಲು ಸರ್ಕಾರಗಳ ಪ್ರತಿನಿಧಿಗಳು ಒಪ್ಪಲಿಲ್ಲ. ಅದೇ ವರ್ಷ ನವೆಂಬರ್‌ನಲ್ಲಿ ವಿಶ್ವ ಉದ್ದೀಪನ ಮದ್ದು ತಡೆ ಘಟಕ, ಅಂದರೆ ‘ವಾಡಾ’ ಹುಟ್ಟಿತು. ಮೊದಲ ಎರಡು ವರ್ಷದ ಖರ್ಚನ್ನು ಒಲಿಂಪಿಕ್ ಸಮಿತಿ ಹೊತ್ತುಕೊಂಡಿತು. ಆಮೇಲೆ ಅರ್ಧ ಒಲಿಂಪಿಕ್ ಕುಟುಂಬದ್ದು, ಅರ್ಧ ಸರ್ಕಾರಗಳದ್ದು. ಆಡಳಿತ ಮಂಡಳಿಯ ಸ್ಥಾನಗಳೂ ಹಾಗೇ ಹಂಚಿಕೆಯಾದವು. ಯಾರೊಬ್ಬರೂ ಪೂರ್ತಿ ಯಜಮಾನರಾಗಬಾರದು ಅನ್ನೋದು ಲೆಕ್ಕಾಚಾರ.

2003ರ ಕೋಪನ್‌ಹೇಗನ್ ಸಮ್ಮೇಳನದಲ್ಲಿ ಎಲ್ಲ ಆಟಗಳಿಗೂ, ಎಲ್ಲ ದೇಶಗಳಿಗೂ ಒಂದೇ ನಿಯಮಾವಳಿ ಒಪ್ಪಿಗೆಯಾಯಿತು. ಆದರೆ ವಾಡಾ ಖಾಸಗಿ ಸಂಸ್ಥೆ. ಅದರ ನಿಯಮಕ್ಕೆ ಸರ್ಕಾರಗಳು ಕಾನೂನಿನಂತೆ ಬದ್ಧವಾಗೋದು ಹೇಗೆ? ಆ ಕೊರತೆಯನ್ನು ತುಂಬಿದ್ದು ಯುನೆಸ್ಕೊ. 2005ರ ಅದರ ಒಪ್ಪಂದಕ್ಕೆ ಇವತ್ತು 190ಕ್ಕೂ ಹೆಚ್ಚು ದೇಶಗಳು ಸೇರಿವೆ, ಭಾರತವೂ ಇದೆ. ಮದ್ದಿನ ಕಥೆ ಹೀಗಾದರೆ, ಮ್ಯಾಚ್ ಫಿಕ್ಸಿಂಗ್ ವಿರುದ್ಧ ಬೇರೊಂದು ಒಪ್ಪಂದವನ್ನು ಯುರೋಪಿನ ಕೌನ್ಸಿಲ್ 2014ರಲ್ಲಿ ತಂದಿತು. ಅದು ಜಾರಿಗೆ ಬರೋದಕ್ಕೆ 2019 ಆಯಿತು.

ಇಷ್ಟೆಲ್ಲ ಆದ ಮೇಲೂ ದುಡ್ಡಿನ ಪ್ರಶ್ನೆ ಹೋಗಿಲ್ಲ. 2021ರಲ್ಲಿ ಚೀನಾದ 23 ಈಜುಗಾರರ ಪರೀಕ್ಷೆಯಲ್ಲಿ ನಿಷೇಧಿತ ಮದ್ದು ಪತ್ತೆಯಾಗಿತ್ತು. ಹೋಟೆಲಿನ ಅಡುಗೆಮನೆಯಿಂದ ಆಹಾರಕ್ಕೆ ಸೇರಿದ್ದು ಅಂತ ಚೀನಾ ಹೇಳಿತು, ವಾಡಾ ಅದನ್ನು ಪ್ರಶ್ನಿಸಲಿಲ್ಲ. 2024ರಲ್ಲಿ ಸುದ್ದಿ ಹೊರಬಂದಾಗ ಗದ್ದಲವೋ ಗದ್ದಲ. ವಾಡಾ ಪಕ್ಷಪಾತ ಮಾಡಿಲ್ಲ ಅಂತ ಅದೇ ನೇಮಿಸಿದ ಸ್ವಿಸ್ ವಕೀಲರು ವರದಿ ಕೊಟ್ಟರು. ಅಮೆರಿಕಕ್ಕೆ ಸಮಾಧಾನವಾಗಲಿಲ್ಲ; ಆ ವರ್ಷದ ತನ್ನ ಪಾಲು, 36 ಲಕ್ಷ ಡಾಲರ್‌ಗೂ ಹೆಚ್ಚು, ಕೊಡದೆ ತಡೆಹಿಡಿಯಿತು. ಕೆಲವರು ಇದನ್ನು ನ್ಯಾಯ ಅಂದರು, ಕೆಲವರು ಬೆದರಿಕೆ ಅಂದರು. ಕಾವಲುಗಾರ ತಪ್ಪು ಮಾಡಿದರೆ ಕೇಳಲೇಬೇಕು, ನಿಜ. ಆದರೆ ಸಂಬಳ ಕೊಡುವವನು ಮುನಿಸಿಕೊಂಡಾಗಲೆಲ್ಲ ಕಾವಲು ಅಲುಗಾಡಿದರೆ ಅದೂ ಅಪಾಯವೇ ಅಲ್ವಾ?

ಇದೆಲ್ಲ ದೂರದ ದೊಡ್ಡವರ ವ್ಯವಹಾರ, ನಮಗೇನು ಅಂತೀರಾ? ಉಡುಪಿ ಜಿಲ್ಲೆಯ ಸಿದ್ದಾಪುರದ ಅಶ್ವಿನಿ ಅಕ್ಕುಂಜಿ ಅವರನ್ನು ನೆನಪಿಸಿಕೊಳ್ಳಿ. 2010ರ ಏಷ್ಯನ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದ ನಮ್ಮ ಹುಡುಗಿ. ಮರುವರ್ಷ ಮದ್ದು ಪರೀಕ್ಷೆಯಲ್ಲಿ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್ಸೆಂಗ್ ಮಾತ್ರೆಯಿಂದ ಹೀಗಾಯಿತು, ತಮಗೆ ಗೊತ್ತಿರಲಿಲ್ಲ ಅಂತ ಅವರು ಮತ್ತು ಜೊತೆಗಾರ್ತಿಯರು ಹೇಳಿದರು. ದೇಶದ ಸಮಿತಿ ಒಂದು ವರ್ಷ ನಿಷೇಧಿಸಿತು. ಕ್ರೀಡಾ ನ್ಯಾಯಮಂಡಳಿ ಅದನ್ನು ಎರಡು ವರ್ಷ ಮಾಡಿತು. ಲಂಡನ್ ಒಲಿಂಪಿಕ್ಸ್ ಕೈತಪ್ಪಿತು. ನಿಯಮ ಅಷ್ಟು ಕಠಿಣ: ಮೈಯೊಳಗೆ ಏನು ಸಿಕ್ಕಿದರೂ ಹೊಣೆ ಆಟಗಾರರದ್ದೇ, ಯಾರು ಕೊಟ್ಟರೂ ಸರಿ.

ಕಠಿಣ ನಿಯಮ ಇರಲಿ. ಆದರೆ ಅಂಥ ನಿಯಮ ಎಲ್ಲರಿಗೂ ಒಂದೇ ರೀತಿ ಅನ್ವಯವಾಗ್ತಿದೆ ಅನ್ನೋ ನಂಬಿಕೆ ಇದ್ದರೆ ಮಾತ್ರ ಸೋತವರಿಗೂ ಸಮಾಧಾನ. ಆ ನಂಬಿಕೆ ಉಳಿಸೋದೇ ಬ್ಯಾನರ್ ಕೆಳಗಿನ ಸಂಸ್ಥೆಗಳ ನಿಜವಾದ ಸಹಕಾರ. ಲೂಸಾನ್‌ನಿಂದ ಹೊರಟ ಸಮ್ಮೇಳನ 2025ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ತಲುಪಿತು. ಆರು ಸಮ್ಮೇಳನ ಆದವು, ಕಾವಲುಗಾರನ ಲೆಕ್ಕ ಕೇಳುವ ಕೆಲಸ ಇನ್ನೂ ಮುಗಿದಿಲ್ಲ.

ನಿಮ್ಮ ಮನೆಯಲ್ಲಿ ಓಡುವ, ಈಜುವ, ಕುಸ್ತಿ ಆಡುವ ಮಗು ಇದ್ದರೆ ಒಂದು ಕೆಲಸ ನಿಮ್ಮ ಕೈಯಲ್ಲೇ ಇದೆ. ‘ಶಕ್ತಿ ಬರುತ್ತೆ’ ಅಂತ ಯಾರಾದರೂ ಪುಡಿ, ಮಾತ್ರೆ ಕೊಟ್ಟರೆ ಡಬ್ಬಿ ತರಿಸಿಕೊಂಡು ಡಾಕ್ಟರಿಗೆ ತೋರಿಸಿ. ಮಗು ಸ್ಪರ್ಧೆಗೆ ಹೋಗುತ್ತೆ ಅನ್ನೋದನ್ನೂ ಅವರಿಗೆ ಹೇಳಿ. ಉತ್ತರ ಸ್ಪಷ್ಟವಾಗಿ ಸಿಗುವವರೆಗೆ ಡಬ್ಬಿಯ ಮುಚ್ಚಳ ತೆಗೆಯೋದು ಬೇಡ.