ರೀಲಿಲ್ಲದ ಸಿನಿಮಾ

ಎರಡು ಗಂಟೆಯ ಚಲನಚಿತ್ರವೆಂದರೆ ಹಿಂದೆ 10,800 ಅಡಿ ಉದ್ದದ 35 ಮಿ.ಮೀ. ಫಿಲ್ಮು. ಅದು ತಗಡಿನ ಡಬ್ಬಗಳಲ್ಲಿ ಬಸ್ಸು, ರೈಲುಗಳನ್ನೇರಿ ಊರೂರಿಗೆ ಹೋಗುತ್ತಿತ್ತು. ತೆರೆಯ ಮೇಲಿನ ಚಿತ್ರ ಮಸುಕಾದರೆ ಪ್ರೇಕ್ಷಕರು ಸಿಳ್ಳೆ ಹಾಕುತ್ತಿದ್ದರು; ಆಪರೇಟರ್ ಎದ್ದು ಮಸೂರವನ್ನು ಸರಿಪಡಿಸುತ್ತಿದ್ದ. ಫಿಲ್ಮು ತುಂಡಾದರೆ ಅಂಟಿಸಿ ಮುಂದುವರಿಸುತ್ತಿದ್ದ. ಇಂದು ಆ ಡಬ್ಬಗಳ ಸ್ಥಾನದಲ್ಲಿ ಕೈಚೀಲದಲ್ಲಿ ಹಿಡಿಯುವ ಒಂದು ಡಿಸ್ಕು ಬಂದಿದೆ. ಅದರಲ್ಲಿರುವುದು ‘ಡಿಜಿಟಲ್ ಸಿನಿಮಾ ಪ್ಯಾಕೇಜ್’, ಸಂಕ್ಷೇಪವಾಗಿ ಡಿ.ಸಿ.ಪಿ. ಇದರೊಳಗೆ ದೋಷವಿದ್ದರೆ ಆಪರೇಟರನ ಕೈಯಲ್ಲಿ ಆಗುವುದು ಬಹಳ ಕಡಿಮೆ. ತಿದ್ದಬೇಕಾದುದನ್ನೆಲ್ಲ ಚಿತ್ರ ತೆಗೆದವರೇ ಮೊದಲು ತಿದ್ದಿರಬೇಕು. ಸ್ವಂತ ಹಣ ಮತ್ತು ಸ್ನೇಹಿತರ ನೆರವಿನಿಂದ ಚಿತ್ರ ಮಾಡಿದವರಿಗೆ ಈ ವಿದ್ಯೆ ಆದುದರಿಂದಲೇ ಅವಶ್ಯ.

ಹಾಲಿವುಡ್ಡಿನ ದೊಡ್ಡ ಸ್ಟುಡಿಯೋಗಳು 2002ರಲ್ಲಿ ಒಂದುಗೂಡಿ, 2005ರಲ್ಲಿ ಹೊರತಂದ ನಿಯಮಾವಳಿಯೇ ಇದಕ್ಕೆ ಆಧಾರ. ಸೆಕೆಂಡಿಗೆ 24 ಚಿತ್ರಿಕೆಗಳು, ಅಂದರೆ ಫ್ರೇಮುಗಳು. ಎರಡು ಗಂಟೆಗೆ 1,72,800. ಪ್ರತಿಯೊಂದು ಚಿತ್ರಿಕೆಯನ್ನೂ ಬಿಡಿಯಾಗಿಯೇ ಸಂಕುಚಿತಗೊಳಿಸಲಾಗುತ್ತದೆ. ಧ್ವನಿಗೆ ಪ್ರತ್ಯೇಕ ಕಡತವುಂಟು. ಯಾವುದು ಯಾವುದರೊಡನೆ, ಯಾವ ಕ್ರಮದಲ್ಲಿ ನಡೆಯಬೇಕೆಂಬುದನ್ನು ಇನ್ನೊಂದು ಸಣ್ಣ ಪಟ್ಟಿ ಹೇಳುತ್ತದೆ.

ಹೊಸಬರು ಎಡವುವುದು ಮುಖ್ಯವಾಗಿ ಮೂರು ಕಡೆ. ಮೊದಲನೆಯದು ವೇಗ. ನಮ್ಮ ದೇಶದಲ್ಲಿ ಟೆಲಿವಿಷನ್ನಿನ ರೂಢಿಯಂತೆ ಸೆಕೆಂಡಿಗೆ 25 ಚಿತ್ರಿಕೆಗಳಲ್ಲಿ ಚಿತ್ರೀಕರಿಸುವವರುಂಟು. ಅವನ್ನೇ 24ರ ವೇಗದಲ್ಲಿ ಓಡಿಸಿದರೆ 120 ನಿಮಿಷದ ಚಿತ್ರ 125 ನಿಮಿಷವಾಗುತ್ತದೆ. ಧ್ವನಿಯನ್ನು ಸರಿಪಡಿಸದಿದ್ದರೆ ನಾಯಕಿಯ ಕಂಠ ತುಸು ದಪ್ಪವಾಗುತ್ತದೆ. ಎರಡನೆಯದು ಬೆಳಕು. ಚಿತ್ರಮಂದಿರದ ತೆರೆಯ ಬಿಳುಪಿಗೆ ಗೊತ್ತುಪಡಿಸಿರುವ ಕಾಂತಿ ಚದರ ಮೀಟರಿಗೆ 48 ಕ್ಯಾಂಡೆಲಾ. ಮನೆಯ ಕಂಪ್ಯೂಟರಿನ ಪರದೆ ಸಾಮಾನ್ಯವಾಗಿ ಇದಕ್ಕಿಂತ ಬಹಳ ಪ್ರಖರ. ಅಲ್ಲಿ ಸೊಗಸಾಗಿ ಕಂಡ ಲಾಟೀನು ಬೆಳಕಿನ ದೃಶ್ಯ ದೊಡ್ಡ ತೆರೆಯಲ್ಲಿ ಬರಿಯ ಕತ್ತಲೆಯಾಗಬಹುದು. ಬಣ್ಣಗಳನ್ನು ಸಿನಿಮಾದ ಮಾನಕ್ಕೆ ಪರಿವರ್ತಿಸುವಾಗಲೂ ಇದೇ ಎಚ್ಚರ ಬೇಕು. ಮೂರನೆಯದು ಧ್ವನಿ. ಎಡ-ಬಲ ಎರಡೇ ವಾಹಿನಿಗಳಿದ್ದರೆ, ಬದಿಯಲ್ಲಿ ಕುಳಿತವರಿಗೆ ಮಾತು ತೆರೆಯ ನಡುವಿನ ಪಾತ್ರದಿಂದ ಬಾರದೆ, ಹತ್ತಿರದ ಧ್ವನಿವರ್ಧಕದಿಂದ ಬಂದಂತೆ ತೋರುತ್ತದೆ. ಮಾತಿಗೆ ಮಧ್ಯದ ವಾಹಿನಿಯೇ ಯೋಗ್ಯವಾದುದು.

ಇನ್ನು ಬೀಗದ ವಿಚಾರ. ಕಳ್ಳತನದ ಭಯದಿಂದ ಡಿ.ಸಿ.ಪಿ.ಯನ್ನು ಗೂಢಲಿಪಿಯಲ್ಲಿ ಅಡಗಿಸಬಹುದು. ಆಗ ಅದರ ಕೀಲಿ ಇಂತಹ ಚಿತ್ರಮಂದಿರದ ಇಂತಹ ಯಂತ್ರಕ್ಕೆ, ಇಂತಹ ದಿನದಿಂದ ಇಂತಹ ದಿನದವರೆಗೆ ಮಾತ್ರ ಸಲ್ಲುತ್ತದೆ. ಯಂತ್ರ ಬದಲಾದರೆ, ಅವಧಿ ಕಳೆದರೆ ಚಿತ್ರ ತೆರೆಯದು. ಜನ ತುಂಬಿದ ಸಭಾಂಗಣದೆದುರು ತನ್ನ ಚಿತ್ರಕ್ಕೆ ತಾನೇ ಹೊರಗಿನವನಾಗುವ ಸಂಕಟ ನಿರ್ದೇಶಕನಿಗೆ ಒದಗಬಹುದು. ಆದುದರಿಂದ ಚಿತ್ರೋತ್ಸವಗಳಿಗೆ ಕಳುಹಿಸುವ ಸಣ್ಣ ಚಿತ್ರಗಳಿಗೆ ಬೀಗವಿಲ್ಲದಿರುವುದೇ ಮೇಲೆಂದು ಅನೇಕರು ಭಾವಿಸುತ್ತಾರೆ.

ಒಂದು ಸಮಾಧಾನವೂ ಇದೆ. ‘ಡಿಸಿಪಿ-ಒ-ಮ್ಯಾಟಿಕ್’ನಂತಹ ಉಚಿತ ತಂತ್ರಾಂಶಗಳಿಂದಾಗಿ ಈಗ ಮನೆಯ ಕಂಪ್ಯೂಟರಿನಲ್ಲಿಯೇ ಡಿ.ಸಿ.ಪಿ. ಸಿದ್ಧಪಡಿಸಬಹುದು. ಆದರೆ ತಂತ್ರಾಂಶ ಕಡತವನ್ನು ಕಟ್ಟಿಕೊಡುತ್ತದೆಯೇ ಹೊರತು, ಕಣ್ಣು-ಕಿವಿಗಳ ಕೆಲಸವನ್ನು ಮಾಡಿಕೊಡುವುದಿಲ್ಲ. ಬಿಡುಗಡೆಗೆ ಮುನ್ನ ಯಾವುದಾದರೊಂದು ಚಿತ್ರಮಂದಿರವನ್ನು ಬೆಳಗಿನ ಹೊತ್ತು ಬೇಡಿ ಪಡೆದು, ಇಡೀ ಚಿತ್ರವನ್ನು ಒಮ್ಮೆ ನೋಡಿಕೊಳ್ಳಬೇಕು. ಹಾಗೆ ನೋಡುವಾಗ ನಡುವಿನ ಒಳ್ಳೆಯ ಕುರ್ಚಿಯನ್ನು ಬಿಟ್ಟು, ಗೋಡೆಯ ಪಕ್ಕದ ಮೂಲೆಯಲ್ಲಿಯೂ ಸ್ವಲ್ಪ ಹೊತ್ತು ಕುಳಿತುಕೊಳ್ಳುವುದು ಲೇಸು. ಅಲ್ಲಿ ಕುಳಿತವರೂ ಟಿಕೆಟ್ಟಿಗೆ ಹಣ ಕೊಟ್ಟೇ ಬಂದಿರುತ್ತಾರೆ.