ದೂರದ ನಾಡಿನಲ್ಲಿ ಬರಹವೇ ನಂಟು

ಬೇಲೂರಿನ ಚೆನ್ನಕೇಶವ ದೇಗುಲಕ್ಕೆ ಹೋದವರು ಮದನಿಕೆಯರ ಚೆಲುವನ್ನು ಕಣ್ತುಂಬ ನೋಡಿ ಮರಳುತ್ತಾರೆ. ಆ ವಿಗ್ರಹಗಳ ಪೀಠದ ಮೇಲಿರುವ ಪುಟ್ಟ ಅಕ್ಷರಗಳನ್ನು ಗಮನಿಸುವವರು ವಿರಳ. 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಈ ದೇಗುಲದಲ್ಲಿ ದುಡಿದ ದಾಸೋಜ ಮತ್ತು ಆತನ ಮಗ ಚಾವಣ ತಮ್ಮ ಹೆಸರಿನೊಂದಿಗೆ ತಮ್ಮ ಊರಾದ ಬಳ್ಳಿಗಾವೆಯ ಹೆಸರನ್ನೂ ಕಲ್ಲಿನಲ್ಲಿ ಕೊರೆದಿಟ್ಟಿದ್ದಾರೆ. ಬಳ್ಳಿಗಾವೆ ಇಂದಿನ ಶಿಕಾರಿಪುರ ತಾಲ್ಲೂಕಿಗೆ ಸೇರಿದ ಊರು. ಕೂಲಿ ಕೊಟ್ಟ ಅರಸನ ರಾಜಧಾನಿಯಲ್ಲಿ ನಿಂತು ಹುಟ್ಟೂರನ್ನು ನೆನೆದ ಆ ಕೈಗಳನ್ನು ಕುರಿತು ಯೋಚಿಸಿದಾಗಲೆಲ್ಲ, ಊರು ಬಿಟ್ಟವನಿಗೆ ಬರವಣಿಗೆ ಎಂಬುದು ಎಂತಹ ಆಸರೆ ಎಂದು ನಮಗೆ ಅನ್ನಿಸುತ್ತದೆ.

ಅರಸೀಕೆರೆಯ ಜಂಕ್ಷನ್ನಿನಲ್ಲಿ ನಿಂತರೆ ಈ ಮಾತು ಇನ್ನೂ ಸ್ಪಷ್ಟವಾಗುತ್ತದೆ. ಬೆಂಗಳೂರು, ಹುಬ್ಬಳ್ಳಿ, ಹಾಸನ, ಮೈಸೂರುಗಳ ಕಡೆಗೆ ಕವಲೊಡೆಯುವ ಈ ಹಳಿಗಳ ಮೇಲೆ ತಲೆಮಾರುಗಳಿಂದ ನಮ್ಮ ಜನ ಹೊರಟುಹೋಗಿದ್ದಾರೆ. ಅವರ ಹಿಂದೆಯೇ ಅಂಚೆಯ ಚೀಲಗಳೂ ಹೋಗಿವೆ, ಬಂದಿವೆ. ಮೊದಲು ಮುಂಬಯಿ, ಆಮೇಲೆ ಕೊಲ್ಲಿ ರಾಷ್ಟ್ರಗಳು, ಈಗ ಅದಕ್ಕೂ ಆಚೆಯ ದೇಶಗಳು. ಹೋದವರ ಗಳಿಕೆಯ ಲೆಕ್ಕವನ್ನು ಊರು ಬಲು ಚೆನ್ನಾಗಿ ಇಟ್ಟುಕೊಳ್ಳುತ್ತದೆ. ಅವರ ಒಂಟಿತನದ ಲೆಕ್ಕವನ್ನು ಇಡುವವರು ಯಾರು?

ಈ ಪ್ರಶ್ನೆಗೆ ಉತ್ತರ ಹುಡುಕುವಾಗ ನಮ್ಮ ಜಿಲ್ಲೆಯ ಕಥೋಲಿಕರ ನೆನಪಿನಲ್ಲಿ ಇಂದಿಗೂ ಉಳಿದಿರುವ ಒಬ್ಬ ಪರದೇಶಿಯ ಬಾಳು ಎದುರು ನಿಲ್ಲುತ್ತದೆ. ಅವರೇ ಅಬ್ಬೆ ದ್ಯುಬುವಾ. ಫ್ರಾನ್ಸಿನ ಆರ್ದೆಶ್ ಸೀಮೆಯ ಈ ಯುವಕ 1792ರಲ್ಲಿ ಗುರುದೀಕ್ಷೆ ಪಡೆದು ಅದೇ ವರ್ಷ ಭಾರತಕ್ಕೆ ಹಡಗು ಹತ್ತಿದರು. ಕ್ರಾಂತಿಯ ಬೆಂಕಿ ಹೊತ್ತಿ ಉರಿಯುತ್ತಿದ್ದ ಕಾಲವದು; ಗುರುಗಳ ತಲೆಗೆ ಬೆಲೆಯಿರಲಿಲ್ಲ. ಮೊದಲು ಪುದುಚೇರಿಯ ಮಿಷನ್ನಿನಲ್ಲಿದ್ದು, 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಅಲ್ಲಿನ ಚದುರಿದ ಕ್ರೈಸ್ತರನ್ನು ಒಟ್ಟುಗೂಡಿಸಲು ಮೈಸೂರು ಸೀಮೆಗೆ ಬಂದರು. ಹಾಸನದ ಬಳಿಯ ಸಾತಳ್ಳಿಯಲ್ಲಿ ಬೇಸಾಯಗಾರ ಕ್ರೈಸ್ತರ ನೆಲೆಯೊಂದನ್ನು ಕಟ್ಟಿದರು. ಸಿಡುಬಿನ ವಿರುದ್ಧ ದೇವಿ ಹಾಕುವ ಪದ್ಧತಿ ಈ ಸೀಮೆಯಲ್ಲಿ ಹರಡಲು ದುಡಿದವರಲ್ಲಿ ಅವರೂ ಒಬ್ಬರು. ಪೇಟ ಸುತ್ತಿ, ನಿಲುವಂಗಿ ತೊಟ್ಟು, ಈ ನೆಲದವರ ಊಟ ಉಪಚಾರಗಳನ್ನೇ ತಮ್ಮದಾಗಿಸಿಕೊಂಡ ಅವರನ್ನು ಜನರು ‘ದೊಡ್ಡ ಸ್ವಾಮಿಯವರು’ ಎಂದು ಕರೆದರು.

ಗೌರವವೇನೋ ಸಿಕ್ಕಿತು. ಆದರೆ ಗೌರವ ಬೇರೆ, ಗೆಳೆತನ ಬೇರೆ. ತಾಯ್ನುಡಿಯಲ್ಲಿ ಮಾತನಾಡಲು ಒಬ್ಬರೂ ಇಲ್ಲದ ಹಳ್ಳಿಗಳಲ್ಲಿ ವರ್ಷಗಟ್ಟಲೆ ಕಳೆಯುವುದೆಂದರೆ ಏನೆಂದು, ಹೊರನಾಡಿನಲ್ಲಿ ಒಂದು ವರ್ಷ ಕಳೆದವರಿಗೂ ಗೊತ್ತು. ದ್ಯುಬುವಾ ಕಂಡದ್ದನ್ನೂ ಕೇಳಿದ್ದನ್ನೂ ಬರೆಯತೊಡಗಿದರು: ಈ ನಾಡಿನ ಜನರ ಆಚಾರ, ಮದುವೆ, ಮರಣ, ಹಬ್ಬ, ಜಾತಿಯ ಕಟ್ಟುಪಾಡು. ಆ ಹಸ್ತಪ್ರತಿಯೇ ಅವರಿಗೆ ಸ್ನೇಹಿತರನ್ನು ತಂದುಕೊಟ್ಟಿತು. ಮೈಸೂರಿನಲ್ಲಿ ಬ್ರಿಟಿಷ್ ರೆಸಿಡೆಂಟರಾಗಿದ್ದ ಮಾರ್ಕ್ ವಿಲ್ಕ್ಸ್ ಅದನ್ನು ಓದಿ ಮೆಚ್ಚಿ ಮದರಾಸಿಗೆ ಶಿಫಾರಸು ಮಾಡಿದರು. 1807ರಲ್ಲಿ ಗವರ್ನರ್ ವಿಲಿಯಂ ಬೆಂಟಿಂಕ್ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ 2000 ನಕ್ಷತ್ರ ವರಾಹಗಳಿಗೆ ಅದನ್ನು ಕೊಂಡರು. ಇಂಗ್ಲೆಂಡಿಗೂ ಫ್ರಾನ್ಸಿಗೂ ಯುದ್ಧ ನಡೆಯುತ್ತಿದ್ದ ಕಾಲ ಅದೆಂಬುದನ್ನು ವಾಚಕರು ಮರೆಯಬಾರದು. ಶತ್ರುದೇಶದ ಪ್ರಜೆಯೊಬ್ಬನಿಗೂ ಕಂಪನಿಯ ಅಧಿಕಾರಿಗೂ ನಡುವೆ ಸೇತುವೆಯಾದದ್ದು ಕೈಬರಹದ ಒಂದು ಕಟ್ಟು. (ಇದೇ ವಿಲ್ಕ್ಸ್ ಮುಂದೆ ಸಂತ ಹೆಲೆನಾ ದ್ವೀಪದ ಗವರ್ನರರಾಗಿದ್ದಾಗಲೇ, 1815ರಲ್ಲಿ, ಸೆರೆಯಾಳಾಗಿ ನೆಪೋಲಿಯನ್ ಅಲ್ಲಿಗೆ ಬಂದಿಳಿದದ್ದು. ಫ್ರೆಂಚರ ನಂಟು ಈ ಮನುಷ್ಯನನ್ನು ಬಿಡಲೇ ಇಲ್ಲ!)

ದ್ಯುಬುವಾ ಅವರನ್ನು ಹೊಗಳಿ ಹೊನ್ನಶೂಲಕ್ಕೇರಿಸುವ ಉದ್ದೇಶ ನಮಗಿಲ್ಲ. ಅವರ ಗ್ರಂಥದ ಬಹುಪಾಲು, ಪುದುಚೇರಿಯಲ್ಲಿದ್ದ ಯೇಸುಸಭೆಯ ಕೇರ್ದೂ ಎಂಬ ಹಿರಿಯ ಗುರುಗಳ ಹಸ್ತಪ್ರತಿಯನ್ನು ಆಧರಿಸಿದೆಯೆಂದು ಫ್ರೆಂಚ್ ವಿದುಷಿ ಸಿಲ್ವಿಯಾ ಮ್ಯೂರ್ 1987ರಲ್ಲಿ ತೋರಿಸಿಕೊಟ್ಟರು. ಇಲ್ಲಿನ ಜನರ ಬಗೆಗೆ ಅವರು ಬರೆದುದರಲ್ಲಿ ನಾವು ಒಪ್ಪಲಾಗದ ಕಟುನುಡಿಗಳೂ ಉಂಟು. ತಾವೇ ದುಡಿದ ಕ್ಷೇತ್ರದ ಬಗೆಗೂ ಅವರು ನಿರಾಶರಾಗಿದ್ದರು. ಭಾರತದಲ್ಲಿ ಕ್ರೈಸ್ತಮತದ ಸ್ಥಿತಿಯನ್ನು ಕುರಿತು 1823ರಲ್ಲಿ ಲಂಡನ್ನಿನಲ್ಲಿ ಅಚ್ಚಾದ ಅವರ ಪತ್ರಗಳು ಮಿಷನರಿ ವಲಯದಲ್ಲಿ ದೊಡ್ಡ ವಿವಾದವನ್ನೇ ಎಬ್ಬಿಸಿದವು. ಆದರೂ ಆ ಪತ್ರಗಳನ್ನು ನಾವು ಬೇರೊಂದು ಬಗೆಯಲ್ಲಿ ಓದಬಲ್ಲೆವು. ಸೋತೆನೆಂಬ ಭಾವ ಕಾಡಿದಾಗ ಆ ಸೋಲನ್ನು ತೋಡಿಕೊಳ್ಳಲು ಅವರಿಗೆ ದೂರದಲ್ಲಿ ಓದುವ ಕಣ್ಣುಗಳಿದ್ದವು.

ನಮ್ಮ ಇಂದಿನ ವಲಸಿಗರಿಗೆ ಅಂತಹ ಕಣ್ಣುಗಳಿವೆಯೇ? ಕುವೈತ್, ಬಹರೇನ್, ದುಬೈಗಳಲ್ಲಿರುವವರು ಪುಣ್ಯವಂತರು; ಅಲ್ಲಿ ದೇವಾಲಯಗಳಿವೆ, ಪೂಜೆ ಮುಗಿದ ಮೇಲೆ ಅಂಗಳದಲ್ಲಿ ನಾಲ್ಕು ಮಾತಿಗೆ ಊರಿನವರು ಸಿಗುತ್ತಾರೆ. ಬಹರೇನಿನ ಅವಾಲಿಯಲ್ಲಿ 2021ರ ಡಿಸೆಂಬರಿನಲ್ಲಿ ಅರೇಬಿಯದ ಮಾತೆಯ ಹೆಸರಿನ ಪ್ರಧಾನಾಲಯವೇ ಪ್ರತಿಷ್ಠಾಪನೆಗೊಂಡಿತು. ಆದರೆ ಸೌದಿ ಅರೇಬಿಯದಲ್ಲಿ ಸಾರ್ವಜನಿಕ ಕ್ರೈಸ್ತ ಆರಾಧನೆಗೆ ಅವಕಾಶವಿಲ್ಲ. ಅಲ್ಲಿ ಆಸ್ಪತ್ರೆಯ ದಾದಿಯಾಗಿಯೋ ಮನೆಗೆಲಸದವಳಾಗಿಯೋ ಇರುವ ಹೆಣ್ಣುಮಗಳಿಗೆ ಕ್ರಿಸ್ಮಸ್ಸಿನ ಹಗಲು ಉಳಿದೆಲ್ಲ ಹಗಲುಗಳಂತೆ ದುಡಿಮೆಯ ಹಗಲೇ. ಇಂತಹವರಿಗೆ ಊರಿನಿಂದ ಹೋಗುವ ಮಾತು ಯಾವುದು? ಬಹಳ ಸಲ, ‘ಹಣ ಬಂತು’ ಅಥವಾ ‘ಹಣ ಬರಲಿಲ್ಲ’. ಕಟುವಾಗಿ ಬರೆಯುತ್ತಿದ್ದೇವೆಂದು ತೋರಬಹುದು, ಆದರೆ ಸುಳ್ಳಲ್ಲ.

ನೀಲಿ ಇನ್‌ಲ್ಯಾಂಡ್ ಕಾಗದದ ಕಾಲದಲ್ಲಿ ಒಂದು ಅನುಕೂಲವಿತ್ತು. ಪುಟ ತುಂಬಿಸಲೇಬೇಕಾಗಿದ್ದರಿಂದ ಹಣದ ಮಾತು ಮುಗಿದ ಮೇಲೂ ಜಾಗ ಮಿಕ್ಕುತ್ತಿತ್ತು. ಅಲ್ಲಿ ತೆಂಗಿನ ಕಾಯಿಲೆ, ಕರು ಹಾಕಿದ ಹಸು, ಹಬ್ಬದ ತೇರಿಗೆ ಹೆಗಲು ಕೊಟ್ಟವರ ಹೆಸರು, ನೆರೆಮನೆಯ ಜಗಳ ಎಲ್ಲವೂ ಸೇರುತ್ತಿದ್ದವು. ದೂರದಲ್ಲಿ ಓದುವವನಿಗೆ ಬೇಕಾದದ್ದು ಆ ಮಿಕ್ಕ ಜಾಗವೇ. ದೂರವಾಣಿಯ ಪರದೆಯಲ್ಲಿ ಮುಖ ಕಾಣುವ ಈ ದಿನಗಳಲ್ಲಿ ಮಾತು ಬೇಗ ಮುಗಿಯುತ್ತದೆ, ರಾತ್ರಿ ತೆಗೆದು ಮತ್ತೊಮ್ಮೆ ಓದಲು ಏನೂ ಉಳಿಯುವುದಿಲ್ಲ.

ಆದ್ದರಿಂದ ಅರಸೀಕೆರೆ, ಬೇಲೂರು, ಹಳೇಬೀಡು ಭಾಗದ ವಿಶ್ವಾಸಿಗಳಲ್ಲಿ ನಮ್ಮದೊಂದು ಬಿನ್ನಹ. ಧರ್ಮಕೇಂದ್ರದಿಂದ ಹೊರನಾಡಿಗೆ ಹೋದವರ ಪಟ್ಟಿಯೊಂದನ್ನು ಯುವಜನರು ಸಿದ್ಧಪಡಿಸಲಿ. ಮನೆಯವರಲ್ಲದ ಯಾರಾದರೊಬ್ಬರು ತಿಂಗಳಿಗೊಮ್ಮೆ ಅವರಿಗೆ ಬರೆಯಲಿ. ಮನೆಯವರಿಗೆ ಹೇಳಿದರೆ ಅಳುತ್ತಾರೆಂದು ನುಂಗಿಕೊಂಡ ಸಂಗತಿಗಳನ್ನು ಹೋದವರು ಹೊರಗಿನ ಗೆಳೆಯನೊಬ್ಬನಿಗೆ ಬರೆದಾರು. ಸಂಬಳ ಸಿಗದವರು, ಪಾಸ್‌ಪೋರ್ಟ್ ಕಿತ್ತುಕೊಳ್ಳಲ್ಪಟ್ಟವರು ಇದ್ದರೆ ಸುದ್ದಿ ಮೊದಲು ತಿಳಿಯುವುದು ಇಂತಹ ದಾರಿಯಿಂದಲೇ. ಹಾಗೆ ತಿಳಿದಾಗ ಆ ದೇಶದಲ್ಲಿರುವ ಭಾರತದ ರಾಯಭಾರ ಕಚೇರಿಗೆ ದೂರು ಮುಟ್ಟಿಸುವ ಹೊಣೆಯನ್ನು ಊರಿನ ಓದುಬಲ್ಲವರು ಹೊರಬಹುದು.

ದ್ಯುಬುವಾ 1823ರಲ್ಲಿ ಭಾರತವನ್ನು ಬಿಟ್ಟರು, ಮತ್ತೆ ಬರಲಿಲ್ಲ. ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆಯಲ್ಲಿ ಇಲ್ಲಿನ ಪಂಚತಂತ್ರದ ಕಥೆಗಳನ್ನು ಫ್ರೆಂಚಿಗೆ ತಂದು 1826ರಲ್ಲಿ ಅಚ್ಚು ಹಾಕಿಸಿದರು; 1848ರಲ್ಲಿ ಅಲ್ಲಿಯೇ ತೀರಿಕೊಂಡರು.