ಹರಳೆಣ್ಣೆ ಸವರಿದ ಕಂಬದ ಮೇಲೆ

ಮಲ್ಲಕಂಬಕ್ಕೆ ಮೊದಲು ಹರಳೆಣ್ಣೆ ಸವರುತ್ತಾರೆ. ಜಾರಲಿ ಎಂದಲ್ಲ, ಮೈ ತರಚದಿರಲಿ ಎಂದು. ಸುಮಾರು ಎಂಟೂವರೆ ಅಡಿಯ ಆ ತೇಗದ ಕಂಬಕ್ಕೆ ಶಾಲಾ ಹುಡುಗ ಓಡಿಬಂದು ನೆಗೆಯುತ್ತಾನೆ; ತೊಡೆಯಲ್ಲೇ ಬಿಗಿಹಿಡಿದು, ಕೈಬಿಟ್ಟು ತಲೆಕೆಳಗಾಗುತ್ತಾನೆ. ನೋಡುವವರಿಗೇ ಎದೆ ಝಲ್ಲೆನ್ನುತ್ತದೆ.

ಹುಡುಗಿಯರು ಹೆಚ್ಚಾಗಿ ಆಡುವುದು ಹಗ್ಗದ ಮೇಲೆ. ಗಂಟು ಹಾಕುವಂತಿಲ್ಲ, ಕಾಲಿನ ಹೆಬ್ಬೆರಳ ಸಂದಿಯಲ್ಲಿ ಹಗ್ಗ ಸಿಕ್ಕಿಸಿಕೊಂಡೇ ಏರಬೇಕು.

ಕಲ್ಯಾಣ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ 12ನೇ ಶತಮಾನದ ‘ಮಾನಸೋಲ್ಲಾಸ’ದಲ್ಲೇ ಪೈಲ್ವಾನರ ಈ ಕಸರತ್ತಿನ ಪ್ರಸ್ತಾಪವಿದೆ. 2013ರಲ್ಲಿ ಇದನ್ನು ರಾಜ್ಯಕ್ರೀಡೆಯಾಗಿ ಘೋಷಿಸಿದ್ದು ಮಾತ್ರ ಮಧ್ಯಪ್ರದೇಶ! 2022ರಲ್ಲಿ ಹರಿಯಾಣದಲ್ಲಿ ನಡೆದ ಖೇಲೋ ಇಂಡಿಯಾ ಯುವ ಕ್ರೀಡಾಕೂಟದಲ್ಲಿ ಗತ್ಕಾ, ಥಾಂಗ್-ತಾ, ಕಳರಿಪಯಟ್ಟು ಸಮರಕಲೆಗಳ ಜೊತೆ ಮಲ್ಲಕಂಬವೂ ಇತ್ತು; ಪದಕಕ್ಕಾಗಿ ಸೆಣಸಿದವರೆಲ್ಲ 18 ವರ್ಷದೊಳಗಿನವರು.